ತೀರ್ಪಿಗೆ ಕಾದಿರುವ ನೀರು

ಹೊಳೆದಂಡೆಯ ಒಡೆಯನಿಗೆ ನೀರಿನ ಹಕ್ಕುಂಟು, ಆದರೆ ಕೆಳದಂಡೆಯವನಿಗೆ ಅನ್ಯಾಯವಾಗಬಾರದು. ಇದು ಇಂಗ್ಲೆಂಡಿನ ನ್ಯಾಯಾಲಯಗಳು ಬೆಳೆಸಿದ ನಿಯಮ. ಇಬ್ಬರು ರೈತರ ವ್ಯಾಜ್ಯಕ್ಕೆ ಇಷ್ಟು ಸಾಕು. ನದಿ ರಾಜ್ಯಗಳ ಗಡಿ ದಾಟಿದರೆ? ಅದಕ್ಕಾಗಿಯೇ ಭಾರತ 1956ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು.

ಅದರಂತೆ 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ, ಕೃಷ್ಣೆಯ 2,060 ಟಿಎಂಸಿ ಅಡಿ ನೀರಿನಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಹಂಚಿತು. ಆದರೆ ಕಾಗದದ ಮೇಲಿನ ನೀರಿನಿಂದ ಹೊಲ ನೆನೆಯದು, ಅದನ್ನು ಹಿಡಿದಿಡಬೇಕು. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಅದರ ಕೆಳಗೆ, ಮುದ್ದೇಬಿಹಾಳ ತಾಲ್ಲೂಕಿನ ಸಿದ್ಧಾಪುರದ ಬಳಿ ನಾರಾಯಣಪುರ ಅಣೆಕಟ್ಟು. ಅಲ್ಲಿಂದ ಹೊರಡುವ ಎಡದಂಡೆ ನಾಲೆಯ ಇಂಡಿ ಶಾಖೆಯೇ ಸಿಂದಗಿ, ಇಂಡಿಗಳ ಆಸೆ.

ಜಗಳ ಎದ್ದದ್ದು ಆಲಮಟ್ಟಿಯ ಎತ್ತರದ ಮೇಲೆ. ಸುಪ್ರೀಂ ಕೋರ್ಟ್ 2000ದ ಏಪ್ರಿಲ್‌ನಲ್ಲಿ 519.6 ಮೀಟರಿಗೆ ದಾರಿ ತೆರೆಯಿತು. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರ ಎರಡನೆಯ ಮಂಡಳಿ 2010ರ ಡಿಸೆಂಬರ್‌ನಲ್ಲಿ 524.256 ಮೀಟರಿಗೆ ಸಮ್ಮತಿಸಿತು. ಆದರೆ ಐತೀರ್ಪು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದರೆ ಮಾತ್ರ ಜಾರಿ. ಮುಂದಿನ ಆದೇಶದವರೆಗೆ ಪ್ರಕಟಿಸಕೂಡದೆಂದು 2011ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯಿತು.

ಎರಡು ಅಂಕಿಗಳ ನಡುವಿನ ಅಂತರ ಐದು ಮೀಟರಿಗೂ ಕಡಿಮೆ. ಆ ಅಂತರಕ್ಕೆ ಎರಡು ಬಗೆಯ ಜನ ಕಾದಿದ್ದಾರೆ: ನೀರು ಬಂದರೆ ಬಿತ್ತುವವರು, ನೀರು ಬಂದರೆ ಊರು ಬಿಡುವವರು. ಐತೀರ್ಪು ರಾಜ್ಯಗಳಿಗೆ ನೀರು ಹಂಚೀತು; ಈ ಇಬ್ಬರ ನಡುವಿನ ನ್ಯಾಯವನ್ನು ಸರ್ಕಾರವೇ ಪರಿಹಾರ, ಪುನರ್ವಸತಿಗಳಿಂದ ತೂಗಬೇಕು.