ಒಂದು ಪೆಟ್ಟಿಗೆ, ಐದು ಮನೆ



ನಿಮ್ಮ ಬೀದಿಯ ಐದು ಮನೆಯವರು ಸೇರಿ ಸಗಟು ಮಾರುಕಟ್ಟೆಯಿಂದ ಒಂದು ಪೆಟ್ಟಿಗೆ ಟೊಮ್ಯಾಟೊ ತಂದರು ಎಂದಿಟ್ಟುಕೊಳ್ಳಿ. ಕೋಲಾರದ ಕಡೆಯಿಂದ ಬರುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 15 ಕಿಲೋ ಇರುತ್ತದೆ. ಹದಿನೈದನ್ನು ಐದರಿಂದ ಭಾಗಿಸಿದರೆ ಮೂರು. ಇದು ಪ್ರಾಥಮಿಕ ಶಾಲೆಯ ಲೆಕ್ಕ. ಆದರೆ ತಕ್ಕಡಿ ಹಿಡಿದು ಕುಳಿತಾಗ ನಾಲ್ಕು ಮನೆಗಳಿಗೆ ಮೂರು ಮೂರು ಕಿಲೋ ಸಿಕ್ಕಿ, ಐದನೆಯವರ ಚೀಲಕ್ಕೆ ಎರಡು ಕಿಲೋ ಬೀಳುತ್ತದೆ. ಅದರಲ್ಲೂ ನಾಲ್ಕು ಒಡೆದ ಹಣ್ಣು! ಮುಂದಿನ ವಾರದಿಂದ ಆ ಮನೆಯವರು ಪಾಲಿಗೆ ಬರುವುದಿಲ್ಲ. ಇಂಥ ಕೂಟಗಳು ಮುರಿಯುವುದು ಹಣಕ್ಕಿಂತ ಹೆಚ್ಚಾಗಿ ಈ ಕೊನೆಯ ಚೀಲದಿಂದ.

ಕಾಣೆಯಾದ ಒಂದು ಕಿಲೋ ಎಲ್ಲಿಗೆ ಹೋಯಿತು? ಗಿಡದಿಂದ ಕಿತ್ತ ಮೇಲೂ ಹಣ್ಣಿಗೆ ಜೀವವಿದೆ. ಅದು ಉಸಿರಾಡುತ್ತದೆ, ನೀರು ಕಳೆದುಕೊಳ್ಳುತ್ತದೆ. ಪೆಟ್ಟಿಗೆಯ ತಳದಲ್ಲಿ ಕೆಲವು ಹಿಸುಕಿ ಹೋಗಿರುತ್ತವೆ. ಮೇಲಾಗಿ ಟೊಮ್ಯಾಟೊವನ್ನು ತುಂಡು ಮಾಡಿ ತೂಗಲಾಗದು. ಹಾಗಾಗಿ ಪ್ರತಿ ಸಲವೂ ತಟ್ಟೆ ಒಂದಿಷ್ಟು ಕೆಳಗೆ ವಾಲಿದ ಮೇಲೆಯೇ ನಮಗೆ ಸಮಾಧಾನ. ತಳ್ಳುಗಾಡಿಯವನ ಬೆಲೆಯಲ್ಲಿ ಈ ನಷ್ಟವೆಲ್ಲ ಸೇರಿದೆ. ಸಗಟು ದರಕ್ಕೂ ಅವನ ದರಕ್ಕೂ ಇರುವ ಅಂತರವೆಲ್ಲ ಲಾಭವೆಂದು ನಾವು ಸುಮ್ಮನೆ ಗೊಣಗುತ್ತೇವೆ.

ಉದಾಹರಣೆಗೆ ಒಂದು ಲೆಕ್ಕ ಮಾಡೋಣ. ಪೆಟ್ಟಿಗೆಗೆ 300 ರೂಪಾಯಿ, ಆಟೋಗೆ 120. ಕೊಳೆತದ್ದು ಕಳೆದು ಉಳಿದದ್ದು 14 ಕಿಲೋ. ಅಲ್ಲಿಗೆ ಕಿಲೋಗೆ 30 ರೂಪಾಯಿ ಬಿತ್ತು. ಬೀದಿಯಲ್ಲಿ 32 ಇದ್ದರೆ, ಬೆಳಗಿನ ಜಾವ ಎದ್ದು ಹೋದ ಶ್ರಮಕ್ಕೆ ಮನೆಯೊಂದಕ್ಕೆ ಆರು ರೂಪಾಯಿಯೂ ಉಳಿಯಲಿಲ್ಲ. ಅದೇ ಆಟೋದಲ್ಲಿ 50 ಕಿಲೋ ಈರುಳ್ಳಿ ಮೂಟೆಯೂ ಬಂದರೆ? ಬಾಡಿಗೆ 65 ಕಿಲೋಗೆ ಹರಡಿ, ಟೊಮ್ಯಾಟೊ ಸುಮಾರು 23 ರೂಪಾಯಿ 40 ಪೈಸೆಗೆ ಇಳಿಯುತ್ತದೆ. ಒಣಗಿದ ಈರುಳ್ಳಿ ಗಾಳಿಯಾಡುವ ಕಡೆ ವಾರಗಟ್ಟಲೆ ಇರುತ್ತದೆ. ಮನೆಗೆ ಹತ್ತು ಕಿಲೋ ಹೊರೆಯೇನಲ್ಲ.

ಇನ್ನು ಹಣ್ಣಾಗುವ ವಿಷಯ. 1901ರಲ್ಲಿ ರಷ್ಯದ ವಿದ್ಯಾರ್ಥಿ ದಿಮಿತ್ರಿ ನೆಲ್ಯುಬೋವ್, ಪ್ರಯೋಗಾಲಯದ ಬಟಾಣಿ ಸಸಿಗಳು ನೆಟ್ಟಗೆ ಬೆಳೆಯದೆ ಅಡ್ಡಲಾಗಿ ಬಾಗುವುದಕ್ಕೆ ದೀಪದ ಅನಿಲದಲ್ಲಿದ್ದ ಎಥಿಲೀನ್ ಕಾರಣವೆಂದು ತೋರಿಸಿದ. ಹಣ್ಣುಗಳು ತಾವೇ ಈ ಅನಿಲವನ್ನು ಬಿಡುತ್ತವೆಂದು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸಾಧಿಸಿದರು. ಬಾಳೆ, ಮಾವು, ಟೊಮ್ಯಾಟೊ ಈ ಗುಂಪಿನವು. ಒಂದು ಹಣ್ಣಾದರೆ ಪಕ್ಕದ್ದನ್ನೂ ಹಣ್ಣಾಗಿಸುತ್ತದೆ. ಹತ್ತಿರವಿಟ್ಟ ಸೊಪ್ಪನ್ನೂ ಸೌತೆಕಾಯಿಯನ್ನೂ ಬೇಗ ಹಳದಿಯಾಗಿಸುತ್ತದೆ. ಆದ್ದರಿಂದ ಪೆಟ್ಟಿಗೆ ಬಂದ ದಿನವೇ ಪಾಲಾಗಬೇಕು. ಪೂರ್ತಿ ಕಳಿತದ್ದು ಬೇಡ, ಅರ್ಧ ದೋರೆಗಾಯಿ ಇರಲಿ ಎಂದು ಮಂಡಿಯಲ್ಲೇ ಕೇಳಿ ಆರಿಸಿ.

ಪಾಲು ಮಾಡುವುದು ಹೇಗೆ? ಮೊದಲು ಕೊಳೆತದ್ದನ್ನು ಎಲ್ಲರೆದುರು ತೆಗೆದುಹಾಕಿ. ಉಳಿದದ್ದನ್ನು ಒಟ್ಟಿಗೆ ತೂಗಿ, ಆಮೇಲೆ ಐದರಿಂದ ಭಾಗಿಸಿ. ನಷ್ಟವೂ ಐದು ಪಾಲಾಗುತ್ತದೆ. ತೂಕ ಸಮವಾದರೂ ಗುಣ ಸಮವಿರುವುದಿಲ್ಲವಲ್ಲ, ಅದಕ್ಕೆ ನಮ್ಮ ಮನೆಗಳಲ್ಲೇ ಒಂದು ಉಪಾಯವಿದೆ: ಅಣ್ಣ ಹೋಳಿಗೆ ಮುರಿದರೆ ತಮ್ಮ ಮೊದಲು ಆರಿಸಿಕೊಳ್ಳಬೇಕು. ಇಬ್ಬರಿಗೆ ಇದು ಸಾಕು. ಮೂವರಿಗೆ ಹೇಗೆಂಬುದನ್ನು ಪೋಲೆಂಡಿನ ಗಣಿತಜ್ಞ ಹ್ಯೂಗೋ ಸ್ಟೈನ್‌ಹೌಸ್ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬಿಡಿಸಿದರು. ಎಷ್ಟೇ ಜನರಿದ್ದರೂ ನಡೆಯುವ ವಿಧಾನವನ್ನು ಬನಾಖ್ ಮತ್ತು ಕ್ನಾಸ್ಟರ್ ಕಂಡುಹಿಡಿದರು. 1948ರಲ್ಲಿ ಸ್ಟೈನ್‌ಹೌಸ್ ಅದನ್ನು ಪ್ರಕಟಿಸಿದರು. ಒಬ್ಬರು ತಮ್ಮ ಕಣ್ಣಿಗೆ ಐದನೆಯ ಒಂದು ಪಾಲೆನಿಸುವ ರಾಶಿ ಮಾಡುತ್ತಾರೆ. ಅದು ಹೆಚ್ಚಾಯಿತೆನ್ನುವವರು ಸರದಿಯಂತೆ ಕಡಿಮೆ ಮಾಡಬಹುದು. ಕೊನೆಗೆ ಕೈಯಿಟ್ಟವರೇ ಆ ರಾಶಿಯನ್ನು ತೆಗೆದುಕೊಳ್ಳಬೇಕು; ಯಾರೂ ಮುಟ್ಟದಿದ್ದರೆ ಮಾಡಿದವರಿಗೇ ಅದು. ಉಳಿದ ನಾಲ್ವರು ಮತ್ತೆ ಶುರು ಮಾಡುತ್ತಾರೆ. ತಕ್ಕಡಿಯೇ ಬೇಡ! ಸಾರಿಗೆ ಕಳಿತ ಹಣ್ಣು ಬೇಕೆನ್ನುವ ಮನೆ, ವಾರವಿಡೀ ಇರಲಿ ಎಂದು ದೋರೆ ಕೇಳುವ ಮನೆ ಎರಡೂ ಇದ್ದರೆ, ಪ್ರತಿಯೊಬ್ಬರಿಗೂ ತಮಗೆ ತುಸು ಹೆಚ್ಚೇ ಬಂತು ಎನಿಸಬಹುದು.

ನಮ್ಮಲ್ಲಿ ಬೆಳೆಗಾರರು ಒಟ್ಟಾದ ಕತೆ ಹಳೆಯದು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಇಂದಿನ ಹಾಪ್‌ಕಾಮ್ಸ್. ಅದರ ಹಿಂದಿದ್ದವರು ತೋಟಗಾರಿಕೆಯ ಡಾ. ಎಂ. ಎಚ್. ಮರಿಗೌಡರು. ಕೊಳ್ಳುವವರು ಒಟ್ಟಾದ ಕತೆಗೆ ಜಪಾನಿಗೆ ಹೋಗಬೇಕು. 1965ರಲ್ಲಿ ಟೋಕಿಯೊದ ಸುಮಾರು 200 ಗೃಹಿಣಿಯರು ಸೇರಿ 300 ಬಾಟಲಿ ಹಾಲು ಒಟ್ಟಿಗೆ ತರಿಸಲು ಆರಂಭಿಸಿದರು. ಅದೇ ಸೆಯಿಕತ್ಸು ಕ್ಲಬ್ ಎಂಬ ದೊಡ್ಡ ಸಹಕಾರ ಸಂಘವಾಯಿತು. ಅದರ ಬುನಾದಿ 'ಹಾನ್' ಎಂಬ ನೆರೆಹೊರೆಯ ಪುಟ್ಟ ಗುಂಪು: ಬೇಡಿಕೆ ಬರೆದುಕೊಡುವುದೂ ಬಂದ ಸಾಮಾನು ಹಂಚುವುದೂ ಅಲ್ಲಿಯೇ.

ನಿಮ್ಮಲ್ಲಿ ಕೊಠಡಿ ಹಿಡಿದು ಅಡುಗೆ ಮಾಡಿಕೊಳ್ಳುವ ಕಾಲೇಜು ಹುಡುಗರಿದ್ದರೆ ಇದನ್ನು ನಾಳೆಯೇ ಮಾಡಿ ನೋಡಬಹುದು. ಮುಂಜಾನೆ ಮಂಡಿಗೆ ಹೋಗುವ ಸರದಿಯನ್ನು ಮಾತ್ರ ಗೋಡೆಯ ಮೇಲೆ ಬರೆದಿಡಿ. ಒಬ್ಬರೇ ನಾಲ್ಕು ವಾರ ಹೋದರೆ ಐದನೆಯ ವಾರ ಪೆಟ್ಟಿಗೆ ಬರುವುದಿಲ್ಲ. ಸೊಪ್ಪನ್ನು ಈ ಖರೀದಿಗೆ ಸೇರಿಸಬೇಡಿ. ಕೊತ್ತಂಬರಿ ಮೂಟೆಯೊಳಗೆ ಕಾವೇರಿ, ಹಂಚುವ ಹೊತ್ತಿಗೆ ಬಾಡಿರುತ್ತದೆ. ಅದಕ್ಕೆ ಬೀದಿಗೆ ಬರುವ ಸೊಪ್ಪಿನ ಅಮ್ಮನ ಬುಟ್ಟಿಯೇ ಸರಿ.