ಶ್ವಾಸರೋಗದಲ್ಲಿ ರಕ್ತವು ನುಡಿಯುವ ಸಾಕ್ಷ್ಯ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಕನ್ನಡದ ಉಪಾಧ್ಯಾಯ. ನಮ್ಮ ಕಾಸರಗೋಡಿನಲ್ಲಿ ರಕ್ತಪರೀಕ್ಷೆಯ ಚೀಟಿ ಇಂಗ್ಲಿಷಿನಲ್ಲಿ, ವೈದ್ಯರ ಮಾತು ಅನೇಕ ವೇಳೆ ಮಲೆಯಾಳದಲ್ಲಿ, ಮನೆಯವರ ಆತಂಕವು ಕನ್ನಡದಲ್ಲಿ. ಆದಕಾರಣ ಆ ಚೀಟಿಯ ‘ಸಿ.ಆರ್.ಪಿ.’ ಎಂಬ ಮೂರಕ್ಷರಗಳನ್ನು ನಮ್ಮ ನುಡಿಯಲ್ಲಿ ವಿವರಿಸಲು ಯತ್ನಿಸುತ್ತೇನೆ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಸಂಶೋಧಕರು ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಒಂದು ವಿಶೇಷ ವಸ್ತುವಿರುವುದನ್ನು ಕಂಡರು. ರೋಗಾಣುವಿನ ‘ಸಿ’ ಎಂಬ ಅಂಶದೊಡನೆ ಅದು ಪ್ರತಿಕ್ರಿಯಿಸುತ್ತಿತ್ತು. ರೋಗಿಯು ಗುಣಹೊಂದಿದಂತೆ ಮರೆಯಾಗುತ್ತಿತ್ತು. ಅದೊಂದು ಸಸಾರಜನಕ, ಅಂದರೆ ಪ್ರೋಟೀನು. ದೇಹದಲ್ಲಿ ಉರಿಯೂತವುಂಟಾದಾಗ ಯಕೃತ್ತು ಇದನ್ನು ಹೇರಳವಾಗಿ ತಯಾರಿಸುತ್ತದೆ.

ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಮಿಗಿಂತ ಕಡಿಮೆ. ನ್ಯುಮೋನಿಯದಲ್ಲಿ 100ನ್ನು ಮೀರಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. 2020ರ ಕೋವಿಡ್ ಮಹಾಮಾರಿಯಲ್ಲಿಯೂ ಏರುತ್ತಿದ್ದ ಈ ಅಂಕಿಯನ್ನು ರೋಗವು ಉಲ್ಬಣಿಸುವ ಸೂಚನೆಯೆಂದು ಗಮನಿಸುತ್ತಿದ್ದರು. ಕೆಲವು ಚೀಟಿಗಳಲ್ಲಿ ಲೆಕ್ಕವು ಡೆಸಿಲೀಟರಿನಲ್ಲಿರುತ್ತದೆ. ಅಲ್ಲಿಯ 6 ಎಂದರೆ ಲೀಟರಿಗೆ 60. ಅಂಕಿಯ ಮುಂದಿನ ಮಾನವನ್ನು ಓದದೆ ಸಮಾಧಾನಪಡಬಾರದು.

ಈ ಸಾಕ್ಷಿಗೆ ಎರಡು ದೌರ್ಬಲ್ಯಗಳುಂಟು. ಮೊದಲನೆಯದಾಗಿ, ಅದು ತಡವಾಗಿ ನುಡಿಯುತ್ತದೆ: ಏರತೊಡಗಲು ಕೆಲವು ಗಂಟೆಗಳು, ತುದಿಮುಟ್ಟಲು ಸುಮಾರು 48 ಗಂಟೆಗಳು ಬೇಕು. ಎರಡನೆಯದಾಗಿ, ಬೆಂಕಿ ಬಿದ್ದಿದೆಯೆಂದು ಕೂಗುತ್ತದೆಯೇ ಹೊರತು ಹಚ್ಚಿದವರಾರೆಂದು ಹೇಳದು. ಗಾಯ, ಶಸ್ತ್ರಚಿಕಿತ್ಸೆ, ಕೀಲುರೋಗಗಳಲ್ಲಿಯೂ ಇದು ಏರಬಹುದು. ಬ್ಯಾಕ್ಟೀರಿಯವೋ ವೈರಸ್ಸೋ ಎಂಬುದನ್ನು ಊಹಿಸಲು ಪ್ರೋಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಪರೀಕ್ಷೆಯು ಸಹಾಯಕ. ಆದರೆ ಅದೂ ನಿರಪವಾದವಲ್ಲ.

ಹೀಗಿರಲು ಅಂಕಿ ಹೆಚ್ಚಿತೆಂದು ಅಂಗಡಿಯಿಂದ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ತಾವೇ ಕೊಂಡು ನುಂಗುವುದೂ ತಪ್ಪು. ಅಂಕಿ ಕಡಿಮೆಯೆಂದು ಏದುಸಿರು ಬಿಡುವ ಕೂಸನ್ನು ಮನೆಯಲ್ಲೇ ಮಲಗಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ತಾಯಂದಿರೇ, ಕೆಮ್ಮುವ ಮಗು ಶಾಂತವಾಗಿರುವಾಗ ಅದರ ಎದೆಯನ್ನು ಒಂದು ನಿಮಿಷ ನೋಡಿ ಉಸಿರೆಣಿಸಿರಿ. 2 ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಉಸಿರು ಅಥವಾ ಹೆಚ್ಚಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಎರಡು ತಿಂಗಳು ತುಂಬದ ಕೂಸಿನ ಉಸಿರಾಟದಲ್ಲಿ ವ್ಯತ್ಯಾಸ ಕಂಡರಂತೂ ಎಣಿಕೆಗೂ ಕಾಯಬಾರದು.

ರಕ್ತದ ಸಾಕ್ಷ್ಯವನ್ನು ವೈದ್ಯರು ವಿಚಾರಿಸಲಿ. ಉಸಿರಿನ ಸಾಕ್ಷ್ಯಕ್ಕೆ ಮನೆಯವರೇ ಮೊದಲು ಕಿವಿಗೊಡಬೇಕು.