ಮುಖಪುಟಕ್ಕೆ ಯಾರ ಮುಖ?

ನಿಮ್ಮ ಸಂಗೀತ ಪತ್ರಿಕೆಯ ಮುಖಪುಟಕ್ಕೆ ಕೊರಗ ಬಂಧುವೊಬ್ಬರು ಎರ್ಮಾಳಿನ ಕಡಲ ದಂಡೆಯಲ್ಲಿ ಡೋಲು ಬಾರಿಸುವ ಫೋಟೋ ಬೇಕೆಂದಿರಿ. ಒಳ್ಳೆಯ ಆಯ್ಕೆ. ಆದರೆ ಮಕ್ಕಳೇ, ಕಂಬಳದ ಹಿಂದಿನ ರಾತ್ರಿ ಡೋಲು ಬಾರಿಸುವುದು ಅವರಿಗೆ ಬಿಟ್ಟಿ ಚಾಕರಿಯಾಗಿತ್ತು. ಆ ಅಜಲು ಪದ್ಧತಿಯನ್ನು ನಿಷೇಧಿಸಲು 2000ದ ಕಾಯ್ದೆಯೇ ಬೇಕಾಯಿತು. ಆದ್ದರಿಂದ ಕ್ಯಾಮೆರಾ ಎತ್ತುವ ಮೊದಲು ಕೇಳಿ. ಉಡುಪು, ನಿಲ್ಲುವ ಜಾಗ ಅವರೇ ಹೇಳಲಿ. ಸೊಪ್ಪು ಉಟ್ಟು ಬನ್ನಿ ಎನ್ನುವುದು ಬೇಡವೇ ಬೇಡ.

ಸಂಜೆ ತೆಗೆಯೋಣ ಎನ್ನುತ್ತೀರಿ. ಇಲ್ಲಿ ಕಡಲು ಪಡುವಣಕ್ಕಿದೆ; ಮುಳುಗುವ ಸೂರ್ಯ ಬೆನ್ನಿಗಿದ್ದರೆ ಡೋಲೂ ಆಳೂ ಕಪ್ಪು ನೆರಳಾಗುತ್ತವೆ. ಚೆಂದವೇನೋ ಹೌದು, ಆದರೆ ಅವರು ಯಾರೆಂದೇ ತಿಳಿಯದು! ಬೆಳಗ್ಗೆ ಹೋಗಿ. ಬೆಳಕು ನೇರ ಮುಖಕ್ಕೆ ಬೀಳುತ್ತದೆ. ಫೋಟೋ ಉದ್ದುದ್ದವಾಗಿರಲಿ, ಪತ್ರಿಕೆಯ ಹೆಸರಿಗೆ ಮೇಲೆ ಆಕಾಶ ಬಿಡಿ. ಕೆಳಗೆ ಅವರ ಹೆಸರನ್ನು ಅಲ್ಲೇ ಅಚ್ಚು ಹಾಕಿಸಿ. ಖರ್ಚಿನ ಪಟ್ಟಿಯಲ್ಲಿ ಕಾಗದಕ್ಕಿಂತ ಮೊದಲು ಅವರ ಸಂಭಾವನೆ ಬರೆಯಿರಿ.